ಹುದ್ದೆ ಇಳಿದ ಮೇಲೆ, ಮಕ್ಕಳು ಹಾರಿದ ಮೇಲೆ: ಬೆಂಗಳೂರಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಿವೃತ್ತಿ, ಕೆಲಸ ಹೋಗುವುದು, ತಾಯ್ತನ, ಮಕ್ಕಳು ದೂರವಾಗುವುದು, ಸಂಗಾತಿಯ ಅಗಲಿಕೆ. ಇಂಥ ತಿರುವುಗಳಲ್ಲಿ ನಿಂತು ‘ಈಗ ನಾನು ಯಾರು’ ಎಂದು ಕೇಳಿದವರ ಪ್ರಶ್ನೆಗಳಿವು. ಕೆಲವು ಪಾರ್ಕಿನ ಬೆಂಚಿನ ಮೇಲೆ ಬಂದವು, ಕೆಲವು ಪತ್ರದಲ್ಲಿ, ಬಹಳಷ್ಟು ರಾತ್ರಿ ಹತ್ತರ ಮೇಲಿನ ಫೋನಿನಲ್ಲಿ. ಕೇಳಿದವರ ಮಾತನ್ನು ಹಾಗೇ ಇಟ್ಟು, ಗುರುತು ಸಿಗುವ ವಿವರ ಮಾತ್ರ ತೆಗೆದಿದ್ದೇನೆ.

## ಮೊದಮೊದಲ ಪ್ರಶ್ನೆಗಳು

ರಿಟೈರ್ ಆಗಿ ಮೂರು ತಿಂಗಳಾಯ್ತು. ಪೆನ್ಷನ್ ಬರ್ತಿದೆ, ಆರೋಗ್ಯ ಚೆನ್ನಾಗಿದೆ, ಮನೆ ಸಾಲ ತೀರಿದೆ. ಆದ್ರೂ ಬೆಳಗ್ಗೆ ಎದ್ರೆ ಖಾಲಿ ಖಾಲಿ. ಯಾಕೆ?

ಎಷ್ಟಕ್ಕೆ ಏಳಬೇಕು, ಯಾವ ಅಂಗಿ ಇಸ್ತ್ರಿ ಮಾಡಿಸಬೇಕು, ಯಾರ ಜೊತೆ ಕಾಫಿ ಕುಡಿಯಬೇಕು, ಯಾರ ಮೇಲೆ ರೇಗಬೇಕು ಎಂಬುದನ್ನೆಲ್ಲ ಇಷ್ಟು ವರ್ಷ ಆಫೀಸೇ ತೀರ್ಮಾನಿಸುತ್ತಿತ್ತು. ಅದು ಒಂದೇ ಸಂಜೆಗೆ ನಿಂತುಹೋಯಿತು. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾರ, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಕಾರಿನಲ್ಲಿ ಮನೆಯವರೆಗೆ ಬಿಟ್ಟುಬರುವುದು, ಎಲ್ಲ ಚೆನ್ನಾಗಿ ನಡೆಯುತ್ತದೆ. ಬರುವ ಸೋಮವಾರದ ಬಗ್ಗೆ ಮಾತ್ರ ಭಾಷಣ ಮಾಡಿದವರಲ್ಲಿ ಒಬ್ಬರೂ ಬಾಯಿಬಿಟ್ಟಿರುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ‘ನಾನು ಯಾರು’ ಎಂಬ ದೊಡ್ಡ ಪ್ರಶ್ನೆಗಿಂತ ‘ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನಾನು ಎಲ್ಲಿರುತ್ತೇನೆ, ಯಾರ ಜೊತೆ ಇರುತ್ತೇನೆ’ ಎಂಬ ಚಿಕ್ಕ ಪ್ರಶ್ನೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಭಾನುವಾರ ಹೇಗೋ ಕಳೆಯುತ್ತದೆ; ಮದುವೆ, ಮುಂಜಿ, ಗೃಹಪ್ರವೇಶ ಇದ್ದೇ ಇರುತ್ತವೆ. ಕಚ್ಚುವುದು ವಾರದ ನಡುವಿನ ಆ ಹೊತ್ತು, ಪೇಪರ್ ಎರಡು ಸಲ ಓದಿ ಮುಗಿದ ಮೇಲಿನ ಹೊತ್ತು. ಅದೊಂದಕ್ಕೆ ಉತ್ತರ ಸಿಕ್ಕರೆ ದೊಡ್ಡ ಪ್ರಶ್ನೆಯ ಕಾಟ ತಾನಾಗಿ ಕಡಿಮೆಯಾಗುವುದನ್ನು ಕಂಡಿದ್ದೇನೆ.

ಪಾತ್ರ ಬೇರೆ, ನಾನು ಬೇರೆ ಅಂತಾರಲ್ಲ, ಪಾತ್ರಗಳನ್ನೆಲ್ಲ ತೆಗೆದುಬಿಟ್ರೆ ಉಳಿಯೋದೇನು?

ಪಾತ್ರವನ್ನು ಮುಖವಾಡ ಎಂದು ಬೈಯುವ ರೂಢಿಯಿದೆ. ನನಗದು ಒಪ್ಪಿಗೆಯಿಲ್ಲ. ಮೇಷ್ಟ್ರಾಗಿ ಪಾಠ ಹೇಳುತ್ತಿದ್ದಾಗ ನೀವೇನೂ ಸುಳ್ಳು ಮನುಷ್ಯರಾಗಿರಲಿಲ್ಲ. ಆದರೆ ಯಾವ ಕೆಲಸ ಮಾಡಿದರೂ ಅದರೊಳಗೆ ನಿಮ್ಮದೇ ಒಂದು ರೀತಿ ಸೇರಿಕೊಂಡಿರುತ್ತದೆ. ಕೆಲಸ ಹೋದಾಗ ಅದು ಜೊತೆಯಲ್ಲಿ ಹೋಗುವುದಿಲ್ಲ.

ಜಾಲಹಳ್ಳಿ ಕಡೆಯ ಹಿರಿಯರೊಬ್ಬರು ಎಚ್‌ಎಂಟಿಯಲ್ಲಿ ಕೈಗಡಿಯಾರ ಜೋಡಿಸುತ್ತಿದ್ದವರು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸುವ ಹೊತ್ತಿಗೆ ಅವರು ಸ್ವಯಂನಿವೃತ್ತಿ ತೆಗೆದುಕೊಂಡು ಬಹಳ ಕಾಲವಾಗಿತ್ತು. ಬೀದಿಯಲ್ಲಿ ಯಾರ ಮನೆಯ ಮಿಕ್ಸಿ ಕೆಟ್ಟರೂ ಈಗಲೂ ಅವರ ಬಳಿಗೇ ಬರುತ್ತದೆ. ತಕ್ಷಣ ಬಿಚ್ಚುವುದಿಲ್ಲ. ಕಿವಿಯ ಹತ್ತಿರ ಹಿಡಿದು ಕೈಯಲ್ಲೇ ನಿಧಾನ ತಿರುಗಿಸುತ್ತಾರೆ. ಆಮೇಲೆ ಹಳೇ ಕ್ಯಾಲೆಂಡರಿನ ಹಾಳೆ ಹಾಸಿ, ಬಿಚ್ಚಿದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಒಂದೊಂದು ತಾರೀಖಿನ ಮನೆಯೊಳಗೆ ಇಡುತ್ತಾರೆ. ಕಾರ್ಖಾನೆ ಹೋಯಿತು, ಟೋಕನ್ ನಂಬರ್ ಹೋಯಿತು. ಆ ಕಿವಿ, ಆ ಕ್ರಮ ಹಾಗೇ ಇವೆ.

ನಿಮ್ಮದು ಏನೆಂದು ನಿಮಗೇ ಕಾಣುವುದು ಕಷ್ಟ. ಜೊತೆಗೆ ದುಡಿದ ಇಬ್ಬರಿಗೆ ಫೋನ್ ಮಾಡಿ, ‘ಬೇರೆಯವರಿಗಿಂತ ನಾನು ಏನನ್ನ ಬೇರೆ ಥರ ಮಾಡ್ತಿದ್ದೆ?’ ಎಂದು ಕೇಳಿ. ಹೊಗಳೋದು ಬೇಡ, ಒಂದು ಉದಾಹರಣೆ ಹೇಳು ಅನ್ನಿ.

ಈ ಗೊಂದಲ ಎಷ್ಟು ದಿನ ಇರತ್ತೆ?

ತಾರೀಖು ಕೊಡುವವರನ್ನು ನಂಬಬೇಡಿ. ಬದುಕಿನ ತಿರುವುಗಳ ಆಚರಣೆಗಳನ್ನು ಅಧ್ಯಯನ ಮಾಡಿದ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲೇ ಅವುಗಳಲ್ಲಿ ಮೂರು ಹಂತ ಗುರುತಿಸಿದ್ದ: ಹಳೆಯದರಿಂದ ಬೇರ್ಪಡುವುದು, ಹೊಸ್ತಿಲಲ್ಲಿ ನಿಲ್ಲುವುದು, ಹೊಸದಾಗಿ ಒಳಗೆ ಸೇರುವುದು. ನಮ್ಮ ಸೂತಕ, ಬಾಣಂತನ, ಅಕ್ಕಿ ಸೇರು ಒದ್ದು ಒಳಬರುವ ಮದುಮಗಳು, ಎಲ್ಲ ಇದೇ. ಇವಕ್ಕೆಲ್ಲ ಇಷ್ಟು ದಿನ ಎಂಬ ಲೆಕ್ಕವಿದೆ, ಸುತ್ತ ಜನರಿರುತ್ತಾರೆ. ಕೆಲಸ ಹೋದವನಿಗೆ ಅಥವಾ ಮಕ್ಕಳು ಹೊರಟ ಮನೆಗೆ ಅಂಥ ಶಾಸ್ತ್ರ ಯಾವುದೂ ಇಲ್ಲ. ಒಬ್ಬರೇ ನಿಂತಿರುವುದರಿಂದ ಹೊಸ್ತಿಲು ಉದ್ದ ಅನ್ನಿಸುತ್ತದೆ.

ಅಲ್ಲಿ ನಿಂತಿರುವಾಗ ದೊಡ್ಡ ತೀರ್ಮಾನ ಬೇಡ. ಸೈಟು ಮಾರಿ ಊರಿಗೆ ಹೋಗುವ ಆಸೆಯಿದ್ದರೆ ಮೊದಲು ಒಂದು ಮಳೆಗಾಲ ಅಲ್ಲಿದ್ದು ನೋಡಿ. ಗ್ರಾಚ್ಯುಟಿ ಹಣಕ್ಕೆ ಅಳಿಯನ ಸ್ಟಾರ್ಟಪ್ ಕಾಯಲಿ.

ಇದು ಡಿಪ್ರೆಶನ್ನಾ, ಬರೀ ಬೇಜಾರಾ? ಹೇಗೆ ಗೊತ್ತಾಗತ್ತೆ?

ತಿರುವಿನ ಬೇಜಾರು ಬಂದು ಹೋಗುತ್ತದೆ. ಮೊಮ್ಮಗು ನಕ್ಕರೆ ನಗು ಬರುತ್ತದೆ, ಒಳ್ಳೆ ಊಟ ರುಚಿಸುತ್ತದೆ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಯಾವುದರಲ್ಲೂ ಆಸಕ್ತಿ ಹುಟ್ಟದಿದ್ದರೆ, ನಿದ್ದೆ ಅಥವಾ ಹಸಿವು ಕೆಟ್ಟಿದ್ದರೆ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಮತ್ತು ಬಿ12 ಪರೀಕ್ಷೆಯನ್ನೂ ಕೇಳಿ. ಇವೆರಡರ ಕೊರತೆಯೂ ಇದೇ ವೇಷದಲ್ಲಿ ಬರುತ್ತದೆ. ಬದುಕಿರುವುದೇ ಬೇಡ ಅನ್ನಿಸಿದರೆ ವಾರಗಟ್ಟಲೆ ಕಾಯಬೇಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಹೋದರೆ ಜನ ಏನೆಂದಾರು ಎಂಬ ಭಯ ಇನ್ನೂ ಕೇಳುತ್ತೇನೆ. ಅಲ್ಲಿನ ಹೊರರೋಗಿ ವಿಭಾಗದ ಸಾಲು ನೋಡಿದರೆ ಆ ಭಯ ಹೋಗುತ್ತದೆ, ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ.

## ಮನೆ, ಹೆಸರು, ಹಣ

ಲೇಆಫ್ ಆಯ್ತು. ಮನೇಲಿ ಹೇಳಿಲ್ಲ. ದಿನಾ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೊರಟು ಮಾಲ್‌ನಲ್ಲಿ ಕೂತ್ಕೊಂಡು ಬರ್ತೀನಿ. ಹೇಳೋದು ಹೇಗೆ?

ಇದನ್ನು ಕೇಳಿದವರು ಒಬ್ಬರಲ್ಲ. ವೈಟ್‌ಫೀಲ್ಡಿನವರಿದ್ದಾರೆ, ಎಲೆಕ್ಟ್ರಾನಿಕ್ ಸಿಟಿಯವರಿದ್ದಾರೆ, ಹೆಚ್ಚಿನವರು ನಲವತ್ತರ ಆಸುಪಾಸಿನ ಗಂಡಸರು. ಮುಚ್ಚಿಡುವುದು ಸಂಬಳದ ನಾಚಿಕೆಯಿಂದ ಅಂದುಕೊಳ್ಳುತ್ತಾರೆ, ಆದರೆ ಮಾತು ಮುಂದುವರಿದರೆ ಬೇರೆಯೇ ಹೊರಬರುತ್ತದೆ: ‘ನಮ್ಮಪ್ಪ ನೆಂಟರಿಗೆಲ್ಲ ನನ್ನ ಕಂಪನಿ ಹೆಸರು ಹೇಳ್ಕೊಂಡು ಓಡಾಡ್ತಾರೆ.’ ಅಪ್ಪನ ಹೆಮ್ಮೆಯ ಭಾರವನ್ನೂ ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದೀರಿ.

ಎಲ್ಲರಿಗೂ ಒಟ್ಟಿಗೆ ಹೇಳಬೇಕಿಲ್ಲ. ಒಬ್ಬರಿಗೆ, ಸಾಮಾನ್ಯವಾಗಿ ಹೆಂಡತಿಗೆ ಅಥವಾ ಗಂಡನಿಗೆ, ಇವತ್ತೇ ಹೇಳಿ. ಹಣದ ಲೆಕ್ಕದ ಹಾಳೆ ಜೊತೆಗಿಟ್ಟುಕೊಂಡು ಹೇಳಿ. ಕೈಯಲ್ಲಿ ಎಷ್ಟಿದೆ, ಇಎಂಐ ಎಷ್ಟು, ಎಷ್ಟು ತಿಂಗಳು ನಡೆಯುತ್ತದೆ ಎಂಬುದು ಎದುರಿಗಿದ್ದರೆ ಅಳು ಮುಗಿದ ಮೇಲೆ ಮಾತಾಡಲು ಏನಾದರೂ ಇರುತ್ತದೆ. ಇನ್ನೊಂದು, ಕಂಪನಿ ಕೊಟ್ಟ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆಯೇ ಎಂದು ಕೊನೆಯ ದಿನಕ್ಕೆ ಮುಂಚೆ ಕೇಳಬೇಕು. ಮನೆಯಲ್ಲಿ ಮುಚ್ಚಿಟ್ಟವರು ಮರೆಯುವುದು ಇದನ್ನೇ, ಅಮ್ಮನಿಗೆ ಹುಷಾರು ತಪ್ಪಿದ ದಿನ ನೆನಪಾಗುತ್ತದೆ.

ಫಂಕ್ಷನ್‌ನಲ್ಲಿ ‘ಏನ್ ಮಾಡ್ಕೊಂಡಿದೀರಾ’ ಅಂದ್ರೆ ಏನು ಹೇಳ್ಲಿ? ಇನ್ನೂ ‘ಎಕ್ಸ್-ಮ್ಯಾನೇಜರ್’ ಅಂತಾನೇ ಬಾಯಿಗೆ ಬರತ್ತೆ.

ಬರಲಿ ಬಿಡಿ. ವಿಜಯನಗರ, ರಾಜಾಜಿನಗರದ ಗೇಟುಗಳ ಮೇಲೆ ‘ನಿವೃತ್ತ ಕಾರ್ಯಪಾಲಕ ಇಂಜಿನಿಯರ್’ ಎಂದು ಗ್ರಾನೈಟಿನಲ್ಲಿ ಕೆತ್ತಿಸಿದವರಿದ್ದಾರೆ, ನೀವು ಬಾಯಲ್ಲಿ ಮಾತ್ರ ಹೇಳುತ್ತಿದ್ದೀರಿ. ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬಾ ಸ್ವತಃ ಕ್ರೈಸ್ತ ಸನ್ಯಾಸಿನಿಯಾಗಿದ್ದು ಹೊರಬಂದವರು. ಪಾತ್ರ ತೊರೆದ ಬಹಳ ಮಂದಿಯನ್ನು ಮಾತಾಡಿಸಿ 1988ರಲ್ಲಿ ಅವರು ಬರೆದದ್ದು ಇದನ್ನೇ: ಬಿಟ್ಟುಬಂದ ಪಾತ್ರ ಪೂರ್ತಿ ಬಿಡುವುದಿಲ್ಲ, ‘ಮಾಜಿ’ ಎಂಬುದೇ ಒಂದು ಗುರುತಾಗಿ ಅಂಟಿಕೊಳ್ಳುತ್ತದೆ. ಮಾಜಿಯ ಹಿಂದೆಯೇ ಇವತ್ತಿನದೊಂದು ವಾಕ್ಯ ಸೇರಿಸಿ: ‘ಬ್ಯಾಂಕಲ್ಲಿದ್ದೆ. ಈಗ ಮೊಮ್ಮಗಳಿಗೆ ಈಜು ಕಲಿಸ್ತಿದ್ದೀನಿ, ನಾನೂ ಕಲೀತಿದ್ದೀನಿ.’ ಕೇಳಿದವರು ಎರಡನೆಯದನ್ನೇ ಹಿಡಿದು ಮಾತು ಮುಂದುವರಿಸುತ್ತಾರೆ.

ಮಗು ಆದ್ಮೇಲೆ ಅಪಾರ್ಟ್‌ಮೆಂಟಲ್ಲಿ ಎಲ್ಲರ ಫೋನಲ್ಲೂ ನಾನು ‘ಆರ್ಯ ಮಮ್ಮಿ, ಬಿ-304’. ನನ್ನ ಹೆಸರು ಯಾರಿಗೂ ಬೇಡ. ಹೀಗನ್ನಿಸೋದು ಸ್ವಾರ್ಥಾನಾ?

ಅಲ್ಲ. ತಾಯಿಯಾಗುವುದು ಹೆರಿಗೆಯ ದಿನ ಮುಗಿಯುವ ಸಂಗತಿಯಲ್ಲ, ಹದಿಹರೆಯದ ಹಾಗೆ ಮೈಮನಸ್ಸು ಎರಡೂ ನಿಧಾನ ಬದಲಾಗುವ ಒಂದು ಘಟ್ಟ ಎಂದು ಮಾನವಶಾಸ್ತ್ರಜ್ಞೆ ಡಾನಾ ರಾಫೆಲ್ 1970ರ ದಶಕದಲ್ಲೇ ಅದಕ್ಕೊಂದು ಹೆಸರಿಟ್ಟು ಗುರುತಿಸಿದರು. ಕಾನೂನು 2017ರಿಂದ ಮೊದಲೆರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ ಕೊಟ್ಟಿದೆ, ಆದರೆ ಆ ಘಟ್ಟ 26 ವಾರಕ್ಕೆ ಮುಗಿಯಬೇಕೆಂದೇನೂ ಇಲ್ಲ. ಹೆಸರಿನ ಮಟ್ಟಿಗೆ ನೇರವಾಗಿ ಕೇಳುವುದೇ ದಾರಿ: ‘ನನ್ನ ಹೆಸರು ಸೇವ್ ಮಾಡ್ಕೊಳ್ಳಿ, ನಿಮ್ಮ ಹೆಸರೇನು?’ ಎದುರಿನವರೂ ಬಹುಶಃ ‘ದಿಯಾ ಮಮ್ಮಿ’ ಆಗಿರುತ್ತಾರೆ, ಅವರಿಗೂ ಖುಷಿಯಾಗುತ್ತದೆ. ವಾರಕ್ಕೆ ಎರಡು ಗಂಟೆ ಮಗುವಿಲ್ಲದೆ, ಸಾಮಾನಿನ ಪಟ್ಟಿಯೂ ಇಲ್ಲದೆ ಹೊರಗೆ ಹೋಗಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ಸು ಹೆಂಗಸರಿಗೆ ಉಚಿತ. ಕಿಟಕಿ ಪಕ್ಕ ಕೂತು ಮೆಜೆಸ್ಟಿಕ್‌ವರೆಗೆ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬರುವ ಒಬ್ಬರಿದ್ದಾರೆ. ಏನೂ ಕೆಲಸವಿಲ್ಲ, ಅದೇ ಅವರ ಕೆಲಸ.

ಮಗಳು ಜರ್ಮನಿಗೆ ಹೋದ್ಲು. ಅಡುಗೆ ಮನೆಗೆ ಹೋಗೋಕೇ ಮನಸ್ಸು ಬರಲ್ಲ. ಯಾರಿಗೆ ಮಾಡ್ಬೇಕು?

ನಿಮಗೆ ಏನಿಷ್ಟ? ಇದನ್ನು ಕೇಳಿದಾಗ ಬಹಳ ತಾಯಂದಿರು ಸುಮ್ಮನಾಗುತ್ತಾರೆ. ಮಗಳಿಗೆ ಈರುಳ್ಳಿ ಸೇರದು, ಗಂಡನಿಗೆ ಬದನೆಕಾಯಿ ಆಗದು, ಅತ್ತೆಗೆ ಖಾರ ಬೇಡ. ಎಲ್ಲರ ‘ಬೇಡ’ಗಳನ್ನು ಕಳೆದು ಉಳಿದದ್ದನ್ನು ತಾನೂ ತಿಂದು ಬಂದವರಿಗೆ ತನ್ನ ರುಚಿಯೇ ಮರೆತಿರುತ್ತದೆ. ಒಬ್ಬರು ಹೇಳಿದರು: ಮಗಳು ಹೋಗಿ ತಿಂಗಳಾದ ಮೇಲೆ ಎಣ್ಣೆಗಾಯಿ ಮಾಡಿ, ಒಬ್ಬರೇ ಕೂತು, ರೊಟ್ಟಿ ಇಲ್ಲದೆ ಬರೀ ಎಣ್ಣೆಗಾಯನ್ನೇ ತಿಂದರಂತೆ. ನೀವೂ ವಾರಕ್ಕೊಂದು ದಿನ ಹಾಗೆ ಮಾಡಿ.

ಫೋನಿನ ಬಗ್ಗೆ ಒಂದು ಮಾತು. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಅವಳು ಕೆಲಸ ಮುಗಿಸಿ ಕರೆ ಮಾಡುವ ಹೊತ್ತಿಗೆ ಇಲ್ಲಿ ನಿದ್ದೆಯ ಹೊತ್ತು. ಇಡೀ ದಿನ ಆ ಒಂದು ಕರೆಗಾಗಿ ಕಾದರೆ ದಿನ ನಿಮ್ಮದಾಗುವುದಿಲ್ಲ. ವಾರಕ್ಕೆ ಎರಡು ದಿನ ಗೊತ್ತುಮಾಡಿಕೊಳ್ಳಿ. ಅವಳಿಗೆ ಹೇಳಲು ನಿಮ್ಮ ಬಳಿಯೂ ಸುದ್ದಿ ಇರಲಿ.

ರಿಟೈರ್ ಆದ ಯಜಮಾನ್ರು ಮನೇಲೇ ಇದ್ದಾರೆ. ತಲೆ ಕೆಟ್ಟಿರೋದು ಅವರಿಗಲ್ಲ, ನನಗೆ.

ನನಗೆ ಬರುವ ಪ್ರಶ್ನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ, ಮತ್ತು ಕೇಳುವವರೆಲ್ಲ ದನಿ ತಗ್ಗಿಸಿಯೇ ಕೇಳುತ್ತಾರೆ. ಸೆಕ್ಷನ್ ನೋಡಿಕೊಳ್ಳುತ್ತಿದ್ದವರು ಈಗ ಫ್ರಿಜ್ ನೋಡಿಕೊಳ್ಳುತ್ತಿದ್ದಾರೆ. ‘ಈ ಕೊತ್ತಂಬರಿ ಯಾವತ್ತಿಂದು? ಗ್ಯಾಸ್ ಯಾಕೆ ಇಷ್ಟು ಬೇಗ ಖಾಲಿಯಾಯ್ತು? ಯಾರ ಫೋನು?’ ಅವರ ಪಾತ್ರ ಹೋಯಿತೆಂದು ಊರೆಲ್ಲ ಮರುಗುತ್ತದೆ. ಹಗಲು ಹೊತ್ತಿನ ಮನೆ ಇಷ್ಟು ಕಾಲ ನಿಮ್ಮ ರಾಜ್ಯವಾಗಿತ್ತು, ಅದು ಹೋಯಿತೆಂದು ಯಾರ ಗಮನಕ್ಕೂ ಬರುವುದಿಲ್ಲ. ಅಡುಗೆಮನೆಗೆ 60ರ ನಿವೃತ್ತಿಯೂ ಇಲ್ಲ.

ಎರಡು ಉಪಾಯ. ಒಂದು ಇಡೀ ಕೆಲಸವನ್ನು ಅವರಿಗೆ ಬಿಟ್ಟುಕೊಡಿ, ಅರ್ಧಂಬರ್ಧ ಅಲ್ಲ. ತರಕಾರಿ ಎಂದರೆ ಪಟ್ಟಿಯಿಂದ ಹಿಡಿದು ಹಾಪ್‌ಕಾಮ್ಸ್‌ಗೆ ಹೋಗಿ, ತಂದು, ಸೋಸಿ, ಡಬ್ಬಿಗೆ ಹಾಕುವವರೆಗೆ ಅವರದೇ. ಬಲಿತ ಬೆಂಡೆಕಾಯಿ ಬಂದರೆ ಬೈಯಬೇಡಿ, ಆ ದಿನ ಬಲಿತ ಬೆಂಡೆಕಾಯಿ ಹುಳಿ. ಎರಡನೆಯದು, ದಿನದ ಎರಡು ಗಂಟೆಯನ್ನು ನಿಮ್ಮದೆಂದು ಬೇಲಿ ಹಾಕಿ. ಆ ಹೊತ್ತಿನಲ್ಲಿ ಕಾಫಿ ಬೇಕಾದರೆ ಡಿಕಾಕ್ಷನ್ ಎಲ್ಲಿದೆ ಎಂದು ಅವರಿಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕಲಿಸಿಕೊಡಿ. ಇಂಜಿನಿಯರ್‌ಗಳು ಫಿಲ್ಟರ್ ವಿಷಯದಲ್ಲಿ ಬೇಗ ತಯಾರಾಗುತ್ತಾರೆ, ಆಮೇಲೆ ನಿಮಗೇ ಉಪದೇಶ ಮಾಡುತ್ತಾರೆ. ಸಹಿಸಿಕೊಳ್ಳಿ.

ಡೈವೋರ್ಸ್ ಆಯ್ತು. ಹೆಸರಿನ ಮುಂದಿರೋ ಅವರ ಇನಿಷಿಯಲ್ ತೆಗೆಸಬೇಕಾ?

ತೆಗೆಸಲೇಬೇಕೆಂದಿಲ್ಲ, ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಮದುವೆಯಾದಾಗ ಹೆಸರು ಬದಲಿಸಬೇಕೆಂಬ ಕಾನೂನು ಈ ದೇಶದಲ್ಲಿ ಮೊದಲಿನಿಂದಲೂ ಇಲ್ಲ. ಅಪ್ಪನ ಇನಿಷಿಯಲ್‌ನಿಂದ ಗಂಡನ ಇನಿಷಿಯಲ್‌ಗೆ ಬಂದದ್ದು ರೂಢಿಯಿಂದ. ಮತ್ತೆ ಅಪ್ಪನದಕ್ಕೆ ಹೋಗುವುದೇ, ಬರೀ ನಿಮ್ಮ ಹೆಸರಿಟ್ಟುಕೊಳ್ಳುವುದೇ ಎಂಬುದನ್ನು ಈ ಸಲ ನೀವು ಯೋಚಿಸಿ ಮಾಡಬಹುದು. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ ಕೊಡುತ್ತಾರೆ, ಕೋಪದಲ್ಲಿ ಒಂದನ್ನು ಖರ್ಚು ಮಾಡಬೇಡಿ. ತೀರ್ಮಾನವಾದ ಮೇಲೆ ಆಧಾರ್, ಪ್ಯಾನ್, ಬ್ಯಾಂಕ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಅಕ್ಷರ ಅಕ್ಷರ ಒಂದೇ ಇರಲಿ.

## ಇನ್ನೂ ಆಳಕ್ಕೆ

ಹಳೇ ಹವ್ಯಾಸಕ್ಕೆ ವಾಪಸ್ ಹೋಗಿ ಅಂತಾರೆ. ನನಗೆ ಹವ್ಯಾಸ ಅಂತ ಏನೂ ಇರ್ಲೇ ಇಲ್ಲ.

ಒಳ್ಳೆಯದೇ ಆಯಿತು, ಹೊಸದಾಗಿ ಶುರು ಮಾಡಬಹುದು. ಹವ್ಯಾಸಕ್ಕಿಂತ ಜಾಗ ಮುಖ್ಯ: ನಿಮ್ಮ ಹುದ್ದೆ, ಮನೆತನ ಯಾರಿಗೂ ಗೊತ್ತಿಲ್ಲದ, ನೀವು ಕಡೇ ಬೆಂಚಿನವರಾಗಿರುವ ಒಂದು ಜಾಗ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಪ್ರವೇಶ, ಕಾವ, ಜಾಣ, ರತ್ನ ಎಂಬ ಪರೀಕ್ಷೆಗಳನ್ನು ನಡೆಸುತ್ತದೆ. ಬದುಕೆಲ್ಲ ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದ ಅಧಿಕಾರಿ ಹಳಗನ್ನಡದ ಮುಂದೆ ತಲೆ ಕೆರೆದುಕೊಳ್ಳುವುದು ಎಲ್ಲ ದೃಷ್ಟಿಯಿಂದಲೂ ಆರೋಗ್ಯಕರ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯದಲ್ಲಿ ವಾರದ ನಡುವೆ ಹೋಗಿ ಕೂರಬಹುದು. ಜೆ.ಪಿ. ನಗರದ ರಂಗಶಂಕರದಲ್ಲಿ ಟಿಕೆಟ್ ತೆಗೆದುಕೊಂಡು ಒಬ್ಬರೇ ನಾಟಕ ನೋಡುವುದೂ ಆಗುತ್ತದೆ. ಲಾಲ್‌ಬಾಗ್ ವಾಕಿಂಗ್ ಬೇಡವೆನ್ನುವುದಿಲ್ಲ, ಆದರೆ ಅಲ್ಲಿನ ಗುಂಪುಗಳಲ್ಲಿ ಎರಡನೇ ದಿನಕ್ಕೇ ‘ಸಾರ್ ಯಾವ ಡಿಪಾರ್ಟ್‌ಮೆಂಟು?’ ಶುರುವಾಗುತ್ತದೆ.

ಒಂದು ಪಾತ್ರ ಹೋದ ಕೂಡ್ಲೇ ಇನ್ನೊಂದು ಹಿಡ್ಕೊಂಡ್ರೆ ತಪ್ಪಾ? ಅಸೋಸಿಯೇಷನ್ ಸೆಕ್ರೆಟರಿ ಆಗಿ ಅಂತಿದ್ದಾರೆ.

ಆಗಿ, ಆದರೆ ಒಂದೇ ಗೂಟಕ್ಕೆ ಪೂರ್ತಿ ಕಟ್ಟಿಕೊಳ್ಳಬೇಡಿ. ಮನಶ್ಶಾಸ್ತ್ರಜ್ಞೆ ಪೆಟ್ರೀಶಿಯಾ ಲಿನ್‌ವಿಲ್ 1980ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು: ತನ್ನನ್ನು ತಾನು ಹಲವು ಬೇರೆ ಬೇರೆ ಬಗೆಗಳಲ್ಲಿ ಕಂಡುಕೊಂಡವರಿಗೆ ಒಂದು ಕಡೆ ಪೆಟ್ಟು ಬಿದ್ದರೆ ಉಳಿದ ಕಡೆ ಹರಡುವುದಿಲ್ಲ. ನಂತರದ ಅಧ್ಯಯನಗಳು ಇದನ್ನು ಪೂರ್ತಿ ಎತ್ತಿಹಿಡಿಯಲಿಲ್ಲ. ಹಲವು ಪಾತ್ರಗಳೇ ಹೊರೆಯಾಗುವುದೂ ಉಂಟು. ಎಂಟು ಸಮಿತಿಗಳಲ್ಲಿರುವ ನಿವೃತ್ತರನ್ನು ನೋಡಿದರೆ ನನಗೂ ಹಾಗೇ ಅನ್ನಿಸುತ್ತದೆ. ಪಾರ್ಕಿಂಗ್ ಜಗಳ ತೀರಿಸುವಾಗ ನಿಮ್ಮ ದನಿ ಹಳೇ ಆಫೀಸಿನ ದನಿಯಾಗುತ್ತಿದ್ದರೆ, ನೀವು ಕುರ್ಚಿ ಬದಲಿಸಿದ್ದೀರಿ ಅಷ್ಟೆ.

ನಮ್ಮಲ್ಲಿ ವಾನಪ್ರಸ್ಥ ಅಂತ ಮೊದಲಿಂದ್ಲೂ ಇದೆಯಲ್ಲ, ಇದು ಅದೇ ಅಲ್ವಾ?

ಭಾಗಶಃ. ನಾಲ್ಕು ಆಶ್ರಮಗಳ ಕಲ್ಪನೆಯಲ್ಲಿ ಪಾತ್ರ ಬದಲಾಗುವುದೇ ಸಹಜ ಎಂಬ ದೊಡ್ಡ ಸಮಾಧಾನವಿದೆ. ಆದರೆ ಅದು ಮಕ್ಕಳಿಗೆ ಮನೆ ಒಪ್ಪಿಸಿ ಹೊರಡುವ ಗೃಹಸ್ಥನಿಗಾಗಿ ಹೊಲಿದ ಅಂಗಿ. ಮೂವತ್ತೆಂಟಕ್ಕೆ ಲೇಆಫ್ ಆದವಳಿಗೆ ಹೊಂದುವುದಿಲ್ಲ. 12ನೇ ಶತಮಾನದ ಶರಣರನ್ನು ನೋಡಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ. ಕಾಯಕ ಹೆಸರಿನಲ್ಲೇ ಇದೆ, ಅದನ್ನು ಕಳಚಿದರೆ ಮಾತ್ರ ನಿಜವಾದ ತಾನು ಸಿಗುತ್ತೇನೆ ಎಂಬ ಹಂಬಲ ಕಾಣುವುದಿಲ್ಲ. ಇನ್ನೊಂದು ತುದಿಗೆ ಅಕ್ಕಮಹಾದೇವಿ. ಅರಮನೆ, ಗಂಡ, ಉಡುಗೆ ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದವಳನ್ನು ಅಲ್ಲಮ ನಿಲ್ಲಿಸಿ ನಿನ್ನ ಪತಿ ಯಾರೆಂದು ಕೇಳಿದ ಎಂದು ಶರಣರ ಕಥನಗಳು ಹೇಳುತ್ತವೆ. ಅಷ್ಟೆಲ್ಲ ಬಿಟ್ಟುಬಂದ ಮೇಲೂ ಪರೀಕ್ಷೆ ಆ ಪ್ರಶ್ನೆಯಿಂದಲೇ ಶುರು! ಎರಡೂ ದಾರಿ ನಮ್ಮವೇ.

ಇದೆಲ್ಲ ಹೊಟ್ಟೆ ತುಂಬಿದವರ ಸಮಸ್ಯೆ ಅಲ್ವಾ?

ಯೋಚಿಸಲು ಬಿಡುವು ಸಿಗುವುದು ಹೊಟ್ಟೆ ತುಂಬಿದವರಿಗೆ, ಕಳೆದುಕೊಳ್ಳುವುದು ಎಲ್ಲರೂ. ಪೀಣ್ಯದ ಗಾರ್ಮೆಂಟ್ಸ್ ಬಾಗಿಲು ಹಾಕಿದಾಗ ಹೊರಬಂದ ಒಬ್ಬ ಹೆಂಗಸು ಸಂಬಳದ ಮಾತಾದ ಮೇಲೆ ಹೇಳಿದ್ದು ತನ್ನ ಲೈನಿನ ಬಗ್ಗೆ: ಪಕ್ಕದ ಮೆಷಿನ್ನಿನವಳ ಜೊತೆ ಹಂಚಿಕೊಳ್ಳುತ್ತಿದ್ದ ಡಬ್ಬಿ, ಕಾಲರ್ ಕೂರಿಸುವುದರಲ್ಲಿ ತನಗಿದ್ದ ಹೆಸರು. ಈಗ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಅಲ್ಲಿ ಅವಳ ಕೈಯ ಕಾಲರ್ ಯಾರೂ ಕಂಡಿಲ್ಲ.

ಪಾತ್ರ ಬಿಡುವ ಸ್ವಾತಂತ್ರ್ಯಕ್ಕೆ ಹಣ ಬೇಕು ಎಂಬುದೂ ನಿಜ. ಪಿಎಫ್ ಹಣವನ್ನು ಪೂರ್ತಿಯಾಗಿ 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು 2016ರಲ್ಲಿ ನಿಯಮ ತಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಏಪ್ರಿಲ್‌ನಲ್ಲಿ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತಡೆದು ನಿಂತರು; ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಕೆಲಸ ಬಿಟ್ಟು ಮಗಳ ಮದುವೆ ಮಾಡಬೇಕೋ, ಊರಲ್ಲಿ ಹಸು ಕಟ್ಟಬೇಕೋ ಎಂದು ತೀರ್ಮಾನಿಸಲು ಅವರ ಕೈಯಲ್ಲಿದ್ದ ಇಡುಗಂಟು ಅದೊಂದೇ.

ವಾರಕ್ಕೆರಡು ರಾತ್ರಿ ಅಡುಗೆ ಮಾಡಲ್ಲ ಅಂದೆ, ಸಂಗೀತ ಕ್ಲಾಸಿಗೆ ಸೇರ್ಕೊಂಡೆ. ‘ಅಮ್ಮ ಬದಲಾಗಿಬಿಟ್ಲು’ ಅಂತಿದ್ದಾರೆ. ಮೊದಲಿನ ಥರಾನೇ ಆಗ್ಬಿಡ್ಲಾ?

ಬೇಡ. ನಿಮ್ಮ ಪಾತ್ರ ಬದಲಾದರೆ ಎದುರಿನವರ ಪಾತ್ರವೂ ಅಲುಗಾಡುತ್ತದೆ. ತಟ್ಟೆ ಮುಂದೆ ಕೂತು ಬಿಸಿ ಚಪಾತಿಗೆ ಕಾಯುತ್ತಿದ್ದ ಮಗನೂ ಏನನ್ನೋ ಕಳೆದುಕೊಂಡಿದ್ದಾನೆ. ಅವನ ಗೊಣಗಾಟವನ್ನು ಅಷ್ಟಕ್ಕೇ ಇಟ್ಟುಕೊಳ್ಳಿ, ನಿಮ್ಮ ತಪ್ಪಿನ ಪಟ್ಟಿಗೆ ಸೇರಿಸಬೇಡಿ. ಯಾವ ಎರಡು ದಿನ ಎಂದು ಮೊದಲೇ ಹೇಳಿ, ಆ ದಿನಗಳನ್ನು ಅದಲು ಬದಲು ಮಾಡಬೇಡಿ. ಬುಧವಾರ ಎಂದರೆ ಬುಧವಾರವೇ, ನೆಂಟರು ಬಂದರೂ. ಮೊದಲ ತಿಂಗಳು ಸ್ವಿಗ್ಗಿ ಬರುತ್ತದೆ, ಬಿಲ್ ನೋಡಿ ಯಾರಾದರೂ ಕುಕ್ಕರ್ ಇಡುವುದನ್ನು ಕಲಿಯುತ್ತಾರೆ. ಕಲಿಯದಿದ್ದರೂ ಕ್ಲಾಸು ತಪ್ಪಿಸಬೇಡಿ.